ಗಂಡಾಳು, ಹೆಣ್ಣಾಳು ಮತ್ತು ಅಪ್ಪನ ಹಾಜರಿ ಪುಸ್ತಕ

ಅಪ್ಪನ ಹಾಜರಿ ಪುಸ್ತಕಕ್ಕೆ ಕೆಂಪು ರಟ್ಟು, ಬೆನ್ನಿಗೆ ಕಪ್ಪು ಬಟ್ಟೆಯ ಪಟ್ಟಿ. ಒಳಗೆ ಅಪ್ಪನೇ ಸ್ಕೇಲಿಟ್ಟು ಎಳೆದ ಗೆರೆಗಳು. ಎಡಗಡೆ ಆಳುಗಳ ಹೆಸರು. ನಡುವೆ ಆರು ದಿನಕ್ಕೆ ಆರು ಮನೆ. ಬಂದವರಿಗೆ ಒಂದು ಗೀಟು, ಅರ್ಧ ದಿನಕ್ಕೆ ಅಡ್ಡಗೀಟು, ಬರದವರಿಗೆ ಸೊನ್ನೆ. ಬಲಗಡೆ ಎರಡು ಕಾಲಂ. ಒಂದರ ನೆತ್ತಿಯ ಮೇಲೆ ‘ಗಂ.’, ಇನ್ನೊಂದರ ಮೇಲೆ ‘ಹೆ.’. ಗಂಡಾಳು, ಹೆಣ್ಣಾಳು. ಕೊಡಗಿನ ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಐದು ಎಕರೆ ಬಂತು. ನಾನೂ ಒಂದು ಕೆಂಪು ರಟ್ಟಿನ ಪುಸ್ತಕ ತಂದೆ. ಅದೇ ಸ್ಕೇಲು, ಅದೇ ಗೆರೆ. ಹೆಸರು, ಆರು ದಿನ, ಗಂ., ಹೆ. ಕೈ ತಾನಾಗಿ ಬರೆದುಕೊಂಡು ಹೋಯಿತು. ಆ ಐದು ಎಕರೆಗಾಗಿ ಅಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟವಳು ನಾನು. ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳಿಗೂ ಹಕ್ಕಿದೆ ಅಂತ ವಕೀಲರ ಎದುರು ಗಂಟಲು ಹರಿದುಕೊಂಡವಳು. ಅಂಥವಳಿಗೆ ‘ಹೆ.’ ಅಂತ ಬರೆದು, ಅದರ ಕೆಳಗೆ ದಿನಕ್ಕೆ 150 ರೂಪಾಯಿ ಕಡಿಮೆ ಕೂಲಿ ಹಾಕುವಾಗ ಏನೂ ಅನ್ನಿಸಲಿಲ್ಲ. ಒಂದೆರಡು ವಾರ ಅಲ್ಲ, ಆರು ವರ್ಷ.

ಗೊತ್ತಾಗಿದ್ದು ಮಗಳಿಂದ. ಅವಳು ಮೈಸೂರಿನಲ್ಲಿ ಓದುತ್ತಾಳೆ. ರಜೆಗೆ ಬಂದವಳು, ‘ಎಷ್ಟು ಅಂತ ಕೈಯಲ್ಲಿ ಕೂಡ್ತೀಯಮ್ಮ, ಫೋನಲ್ಲಿ ಹಾಕಿಕೊಡ್ತೀನಿ ಕೊಡು’ ಅಂತ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದಳು. ‘ಅಮ್ಮಾ, ಗಂ. ಅಂದ್ರೆ ಗಂಟೆನಾ?’

‘ಅಲ್ವೇ. ಗಂಡಾಳು, ಹೆಣ್ಣಾಳು.’

‘ಓ! ನಾನು ಹೆ. ಅಂದ್ರೆ ಹೆಚ್ಚು ಅಂದ್ಕೊಂಡೆ. ಹೆಚ್ಚು ಅಂತ ಬರೆದು ಕಡಿಮೆ ಯಾಕೆ ಹಾಕಿದಾಳೆ ಅಮ್ಮ ಅಂತ ಯೋಚನೆ ಮಾಡ್ತಿದ್ದೆ.’

ಅಷ್ಟೇ. ಭಾಷಣವೇನೂ ಮಾಡಲಿಲ್ಲ. ಎರಡು ಕಾಲಂ ಟೈಪ್ ಮಾಡಿಕೊಂಡು ಹೋದಳು. ಒಳಗೆ ನಾನು ಅಕ್ಕಿಹಿಟ್ಟು ತೊಳಸುತ್ತಿದ್ದೆ. ಹಿಟ್ಟು ಗಂಟು ಕಟ್ಟಿತು.

ಪಾಲಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಎಲ್ಲರ ಮನೆಯಲ್ಲೂ ಇರುವ ಕಥೆಯೇ. ಅಪ್ಪನ ತಿಥಿ ಮುಗಿದ ವಾರಕ್ಕೆ ಅಣ್ಣ ಒಂದು ಕಾಗದ ಹಿಡಿದು ಬಂದ. ‘ಪೌತಿ ಖಾತೆ ಮಾಡಿಸ್ಬೇಕು, ಅಪ್ಪನ ಹೆಸರಿಂದ ಜಮೀನು ವರ್ಗ ಆಗ್ಬೇಕಲ್ಲ, ಒಂದು ಸೈನ್ ಹಾಕಿಬಿಡು’ ಅಂದ. ಓದಿದೆ. ಅದು ನನ್ನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ. ಸೈನ್ ಹಾಕಲಿಲ್ಲ. ಚಿಕ್ಕಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು, ‘ಪಾಲು ಕೇಳ್ದೋಳಿಗೆ ತವರು ಇರಲ್ಲ ಕಣೇ. ಅರಿಶಿನ ಕುಂಕುಮಕ್ಕೆ ಅಂತ ಒಂದೆಕರೆ ಕೊಡ್ತಾನೆ, ತಗೊಂಡು ಸುಮ್ನಿರು.’ ಅಣ್ಣನ ಮಾತು ಇನ್ನೂ ನೇರ. ‘ಮದುವೇಲಿ ಒಡವೆ ಹಾಕಿಲ್ವಾ? ಅದೇ ಅಲ್ವಾ ನಿನ್ನ ಪಾಲು?’

ಒಡವೆ ಅಂದಾಗ ನನಗೆ ನೆನಪಾಗೋದು ಕತೆಗಾರ್ತಿ, ನಮ್ಮ ಕೊಡಗಿನ ಗೌರಮ್ಮ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದರು. ಗೌರಮ್ಮನಿಗೆ ಆಗ ಇಪ್ಪತ್ತೆರಡರ ಆಸುಪಾಸು. ಗಂಡ ಸುಂಟಿಕೊಪ್ಪದ ಹತ್ತಿರದ ತೋಟವೊಂದರಲ್ಲಿ ಮ್ಯಾನೇಜರ್. ಗಾಂಧೀಜಿ ತನ್ನ ಮನೆಗೂ ಬರಬೇಕು ಅಂತ ಈಕೆ ಊಟ ಬಿಟ್ಟು ಕೂತರು. ಉಪವಾಸದಲ್ಲಿ ಪಳಗಿದ ಗಾಂಧೀಜಿಗೇ ಉಪವಾಸದ ಪಾಠ! ಅವರು ಬಂದರು. ತಾಳಿ, ಓಲೆ, ಮೂಗುಬೊಟ್ಟು ಉಳಿಸಿಕೊಂಡು ಮಿಕ್ಕ ಒಡವೆಯನ್ನೆಲ್ಲ ಗೌರಮ್ಮ ಹರಿಜನ ನಿಧಿಗೆ ಬಿಚ್ಚಿಕೊಟ್ಟರು. ಶಾಲೆಯಲ್ಲಿ ಇದನ್ನು ತ್ಯಾಗದ ಕಥೆ ಅಂತ ಕೇಳಿದ್ದೆ. ಪಾಲಿನ ಜಗಳದ ಹೊತ್ತಿನಲ್ಲಿ ಬೇರೆ ಥರ ಕಂಡಿತು. ಆ ಕಾಲದ ಹೆಣ್ಣು ‘ಇದು ನನ್ನದು, ಕೊಡ್ತೀನಿ’ ಅಂತ ಹೇಳಬಹುದಾಗಿದ್ದು ಮೈಮೇಲಿದ್ದ ಬಂಗಾರವನ್ನು ಮಾತ್ರ. ಜಮೀನು ಕೊಡೋಣ ಅಂದರೆ ಯಾವ ಜಮೀನು? ಅಷ್ಟೇಕೆ, ಅಷ್ಟು ಚೆಂದದ ಕಥೆ ಬರೆದಾಕೆ ಸಹಿ ಹಾಕುತ್ತಿದ್ದದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅಂತ. ಹೆಸರೂ ಗಂಡನದ್ದೇ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಬರೀ 27 ವರ್ಷ.

ನನ್ನ ಅದೃಷ್ಟ, ಕಾನೂನು ನನ್ನ ಮದುವೆಗಿಂತ ಮೊದಲು ಹುಟ್ಟಿತ್ತು. ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಗಿದೆ. ಆ ವರ್ಷ ಜುಲೈ 30ಕ್ಕೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು. ನನ್ನ ಮದುವೆ 1998ರಲ್ಲಿ. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆಯಾದವರು ಆಗದವರು ಅನ್ನೋ ಭೇದವೂ ಹೋಯಿತು. ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದಲ್ಲಿ ಎಲ್ಲ ಇದೆ. ಆದರೂ 2015-16ರ ಕೃಷಿ ಗಣತಿಯಲ್ಲಿ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರದ್ದು ಅಂತ ಸಿಕ್ಕಿದ್ದು ಹದಿನಾಲ್ಕು. ಉಳಿದ ಕಡೆಯೂ ನಾಟಿ, ಕಳೆ, ಕುಯ್ಲು ಹೆಂಗಸರದ್ದೇ. ಪಹಣಿಯಲ್ಲಿ ಮಾತ್ರ ಅವರಿಲ್ಲ.

ಅಣ್ಣನೂ ನಾನೂ ಈಗ ಮಾತಾಡುತ್ತೇವೆ. ಹುತ್ತರಿ ಹಬ್ಬಕ್ಕೆ ಬರ್ತಾನೆ. ಆ ಮಾತು ಸಾಕು.

ಇನ್ನು ಕೂಲಿಯ ವಿಷಯ. ತೋಟದ ಕೂಲಿಯಲ್ಲಿ ಎರಡು ಲೆಕ್ಕ. ಕುಯ್ಲಿನಲ್ಲಿ ಕೆಜಿ ಲೆಕ್ಕ, ಎಷ್ಟು ಕೆಜಿ ಹಣ್ಣು ಕುಯ್ದರೋ ಅಷ್ಟು ದುಡ್ಡು. ಮಿಕ್ಕ ದಿನಗಳಲ್ಲಿ ಹಾಜರಿ ಲೆಕ್ಕ. ಕಳೆ, ಗೊಬ್ಬರ, ಚಿಗುರು ತೆಗೆಯೋದು, ಮೆಣಸಿನ ಬಳ್ಳಿ ಕಟ್ಟೋದು, ಎಲ್ಲ ಇದರಲ್ಲಿ.

ನಮ್ಮಲ್ಲಿ ಕೆಲಸ ಮಾಡುವ ಹಿರಿಯ ಹೆಂಗಸನ್ನು ಎಲ್ಲರೂ ಅಕ್ಕಯ್ಯ ಅಂತಾರೆ. ಅಪ್ಪ ಆಳುಗಳಿಗೆ ಅಂತ ಕಟ್ಟಿಸಿದ ಮೂರು ಕೋಣೆಯ ಲೈನ್ ಮನೆಯಲ್ಲಿ ಇರೋದು. ಪಾಲು ಬಂದ ಹೊಸತರಲ್ಲಿ ನಾನು ದೊಡ್ಡತನಕ್ಕೆ ‘ನೀವು’ ಅನ್ನೋಕೆ ಶುರು ಮಾಡಿದೆ. ಬಿದ್ದು ಬಿದ್ದು ನಕ್ಕಳು. ‘ನೀವು ಅಂದ್ರೆ ನನ್ ಹಿಂದೆ ಇನ್ಯಾರೋ ನಿಂತವ್ರೆ ಅನ್ನಿಸ್ತದೆ ಅಮ್ಮಾ, ಬುಡಿ’ ಅಂದಳು. ಹಾಗಾಗಿ ನೀನು, ಅವಳು. ಅವಳು ನನಗೆ ‘ನೀವು’ ಅನ್ನೋದು ಮಾತ್ರ ಬದಲಾಗಲಿಲ್ಲ.

ಅಕ್ಕಯ್ಯ ಅರೇಬಿಕಾ ಕುಯ್ಯೋದನ್ನು ಒಂದು ಸಲ ನೋಡಬೇಕು. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು. ತಲೆಗೆ ಟವೆಲ್ಲು. ಸೊಂಟಕ್ಕೆ ಚೀಲ. ಎಡಗೈಯಲ್ಲಿ ಕೊಂಬೆ ಬಾಗಿಸಿ ಹಿಡಿದರೆ ಬಲಗೈ ಬೆರಳು ಗಿಣ್ಣಿನಿಂದ ಗಿಣ್ಣಿಗೆ ಓಡುತ್ತೆ. ಕೆಂಪಗೆ ಹಣ್ಣಾಗಿದ್ದು ಚೀಲಕ್ಕೆ. ಅರೆಗೆಂಪು, ಹಸಿರು ಅಲ್ಲೇ ಉಳಿಯುತ್ತೆ. ಒಂದು ಗಿಣ್ಣಿನಲ್ಲಿ ಹತ್ತು ಕಾಯಿ ಇದ್ದರೆ ಆರು ಈಗ, ನಾಲ್ಕು ಮುಂದಿನ ಸುತ್ತಿಗೆ. ಇದನ್ನು ಕಣ್ಣು ನೋಡಿ ಕೈಗೆ ಹೇಳುವಷ್ಟು ಪುರುಸೊತ್ತು ಇರಲ್ಲ, ಬೆರಳೇ ತೀರ್ಮಾನ ಮಾಡಬೇಕು. ಕೊಂಬೆ ಸೀಳಬಾರದು. ಗಿಣ್ಣು ಕಿತ್ತುಬರಬಾರದು. ಹಸಿರು ಬೆರೆತರೆ ಸಿಪ್ಪೆ ಬಿಡಿಸುವ ಪಲ್ಪರ್‌ನಲ್ಲಿ ಬೀಜ ಜಜ್ಜಿಹೋಗುತ್ತೆ, ರುಚಿಯೂ ಕೆಡುತ್ತೆ, ರೇಟೂ ಕೆಡುತ್ತೆ. ಇದರ ನಡುವೆ ಕೆಂಜಿಗದ ಗೂಡು ಕುತ್ತಿಗೆ ಮೇಲೆ ಒಡೆದು ಬೀಳುತ್ತೆ. ಅಕ್ಕಯ್ಯ ಒಂದು ಕೈಯಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ ಇನ್ನೊಂದರಲ್ಲಿ ಕುಯ್ಯುತ್ತಲೇ ಇರ್ತಾಳೆ.

ಸಂಜೆ ಕಣದಲ್ಲಿ ತೂಕ. ತಕ್ಕಡಿಗೆ ಗಂಡು ಹೆಣ್ಣು ಗೊತ್ತಿಲ್ಲ. ಕುಯ್ಲಿನ ದಿನಗಳಲ್ಲಿ ಅಕ್ಕಯ್ಯನ ಮುಂದೆ ನಮ್ಮಲ್ಲಿ ಯಾವ ಗಂಡಾಳೂ ನಿಲ್ಲಲ್ಲ. ಆದರೆ ಕುಯ್ಲು ಮುಗಿದು ಹಾಜರಿ ಲೆಕ್ಕ ಶುರುವಾಯಿತು ಅಂದರೆ ಅದೇ ಅಕ್ಕಯ್ಯನಿಗೆ ದಿನಕ್ಕೆ 450, ಗಂಡಾಳಿಗೆ 600.

ಯಾಕೆ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. ಗಂಡಸರು ಮರಗಸಿ ಮಾಡ್ತಾರೆ, ಅಂದರೆ ಮರ ಹತ್ತಿ ನೆರಳಿನ ಕೊಂಬೆ ಕಡೀತಾರೆ, ಜೀವದ ಮೇಲೆ ಆಸೆ ಬಿಟ್ಟ ಕೆಲಸ. ನಿಜ. ಸಿಲ್ವರ್ ಓಕಿನ ತುದಿಯಲ್ಲಿ ಕತ್ತಿ ಹಿಡಿದು ನಿಂತವನನ್ನು ನೋಡಿದರೆ ನನಗೆ ಕೆಳಗೇ ಕಾಲು ನಡುಗುತ್ತೆ. ಆದರೆ ಮರಗಸಿಗೆ ಬೇರೆ ರೇಟಿದೆ, ಅದು 600 ಅಲ್ಲ. ಈ 600 ಗೊಬ್ಬರ ಹಾಕಿದ ದಿನಕ್ಕೆ, ಕಳೆ ತೆಗೆದ ದಿನಕ್ಕೆ. ಅದೇ ಸಾಲು, ಅದೇ ಗೊಬ್ಬರ, ಅದೇ ಬುಟ್ಟಿ. ಮರ ಹತ್ತೋದು ಕಸುಬು, ಬೆರಳಲ್ಲಿ ಹಣ್ಣು ಆರಿಸೋದು ಬರೀ ಹೆಂಗಸರ ಕೆಲಸ ಅಂತ ಯಾರೋ ಯಾವತ್ತೋ ತೀರ್ಮಾನ ಮಾಡಿದ್ದಾರೆ. ಹೋಗಲಿ, ಗೊಬ್ಬರದ ಬುಟ್ಟಿಗೆ ಯಾವ ಕಸುಬು?

ಇದೇ ಮಾತು 1968ರಲ್ಲಿ ಇಂಗ್ಲೆಂಡಿನ ಡ್ಯಾಗನಂನಲ್ಲಿ ಎದ್ದಿತ್ತು. ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಹೊದಿಕೆ ಹೊಲಿಯುತ್ತಿದ್ದ 187 ಹೆಂಗಸರು ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ಬಂದರು. ಅವರ ಸಿಟ್ಟು ದುಡ್ಡಿನದ್ದು ಮಾತ್ರ ಅಲ್ಲ. ಅವರ ಹೊಲಿಗೆಯನ್ನು ಕಡಿಮೆ ಕಸುಬಿನ ದರ್ಜೆಗೆ ಹಾಕಿದ್ದರು, ಅದು ಉರಿದಿತ್ತು. ಸೀಟಿಲ್ಲದೆ ಕಾರು ಹೊರಗೆ ಹೋಗಲ್ಲವಲ್ಲ, ಮೂರು ವಾರದಲ್ಲಿ ಕಾರ್ಖಾನೆ ನಿಂತಿತು. ಮಂತ್ರಿ ಬಾರ್ಬರಾ ಕ್ಯಾಸಲ್ ಕರೆಸಿ ಚಹಾ ಕೊಟ್ಟು ಮಾತಾಡಿದರು. ಗಂಡಸರ ಕೂಲಿಯ ನೂರಕ್ಕೆ 92ರಷ್ಟು ಕೊಡುತ್ತೇವೆ ಅಂತ ಒಪ್ಪಂದವಾಯಿತು. ಎರಡು ವರ್ಷಕ್ಕೆ ಬ್ರಿಟನ್ನಿನಲ್ಲಿ ಸಮಾನ ವೇತನ ಕಾಯ್ದೆಯೂ ಬಂತು. ಆದರೆ ‘ಇದೂ ಒಂದು ಕಸುಬು’ ಅಂತ ಒಪ್ಪಿಸೋಕೆ ಅವರು ಮತ್ತೆ 1984ರಲ್ಲಿ ಕೆಲಸ ನಿಲ್ಲಿಸಬೇಕಾಯಿತು. ಹದಿನಾರು ವರ್ಷ. ದುಡ್ಡು ಕೊಟ್ಟಷ್ಟು ಸುಲಭವಾಗಿ ಮರ್ಯಾದೆ ಕೊಡಲ್ಲ ಜನ.

ಸಮಾನ ಕೆಲಸಕ್ಕೆ ಸಮಾನ ಕೂಲಿ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದು 1951ರಲ್ಲಿ. ಭಾರತ 1958ರಲ್ಲಿ ಒಪ್ಪಿಕೊಂಡಿತು. 1976ರಲ್ಲಿ ನಮ್ಮದೇ ಕಾಯ್ದೆ ಬಂತು, ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿಕೊಂಡಿದೆ. ಅಂದರೆ ನಾನು ಹುಟ್ಟುವ ಹೊತ್ತಿಗೇ ಅಪ್ಪನ ಎರಡು ಕಾಲಂ ತಪ್ಪಾಗಿತ್ತು. ಊರಲ್ಲಿ ಯಾರೂ ಹೇಳಲಿಲ್ಲ. ಹೇಳಬೇಕಾದವರೆಲ್ಲರ ಮನೆಯಲ್ಲೂ ಒಂದೊಂದು ಕೆಂಪು ಪುಸ್ತಕ ಇತ್ತು.

ಮಗಳು ಹೋದ ಮೇಲೆ ಒಂದು ರಾತ್ರಿ ನಿದ್ದೆ ಬರದೆ ಫೋನಿನಲ್ಲಿ ಓದುತ್ತಿದ್ದಾಗ ಸಿ.ಬಿ. ಮುತ್ತಮ್ಮನವರ ವಿಷಯ ಮತ್ತೆ ಸಿಕ್ಕಿತು. ಹೆಸರು ನಮ್ಮವರಿಗೆಲ್ಲ ಗೊತ್ತು. ದೇಶದ ವಿದೇಶಾಂಗ ಸೇವೆಯ ಮೊದಲ ಮಹಿಳಾ ಅಧಿಕಾರಿ, ಆ ಸೇವೆಯಿಂದ ರಾಯಭಾರಿಯಾದ ಮೊದಲ ಮಹಿಳೆ ಅಂತ ಕ್ವಿಜ್‌ನಲ್ಲಿ ಕೇಳ್ತಾರೆ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದವರು. ಒಂಬತ್ತು ವರ್ಷಕ್ಕೆ ಅಪ್ಪ ಇಲ್ಲ. ತಾಯಿ ನಾಲ್ಕು ಮಕ್ಕಳನ್ನು ಓದಿಸಿದರು. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನಲ್ಲಿ ಕಾಲೇಜು. 1948ರಲ್ಲಿ ಯುಪಿಎಸ್‌ಸಿ ಪರೀಕ್ಷೆ ಪಾಸು ಮಾಡಿದ ಮೊದಲ ಹೆಣ್ಣು. ಸಂದರ್ಶನದಲ್ಲಿ ಕೂತಿದ್ದವರು ವಿದೇಶಾಂಗ ಸೇವೆ ಬೇಡ ಅಂತ ಮನಸ್ಸು ಬದಲಿಸೋಕೆ ನೋಡಿದರಂತೆ. ಬಿಡಲಿಲ್ಲ. ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು, ಮದುವೆಯಾದರೆ ಕೆಲಸ ಬಿಡುತ್ತೇನೆ ಅಂತ.

ಅದು ಯಾರೋ ಒಬ್ಬ ಅಧಿಕಾರಿಯ ಕೊಂಕಲ್ಲ. ಆಮೇಲೆ 1961ರ ಸೇವಾ ನಿಯಮಗಳಲ್ಲೂ ಇಂಥದ್ದೇ ಅಚ್ಚಾಯಿತು. ಈ ಸೇವೆಯಲ್ಲಿರುವ ಹೆಣ್ಣು ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಕೇಳಬೇಕು. ಮದುವೆಯಾದ ಮೇಲೆ ಮನೆಯ ಜವಾಬ್ದಾರಿಯಿಂದ ಕೆಲಸ ಕೆಡುತ್ತೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಮದುವೆಯಾದವಳಿಗೆ ನೇಮಕದ ಹಕ್ಕೇ ಇಲ್ಲ. ಗಂಡಸರಿಗೆ ಇಂಥ ಒಂದು ಸಾಲೂ ಇಲ್ಲ. ಮುತ್ತಮ್ಮ 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಆಮೇಲೆ ಬಡ್ತಿ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ವಿಚಾರಣೆಗೆ ಬರೋ ಹೊತ್ತಿಗೆ ಸರ್ಕಾರ ಗಡಿಬಿಡಿಯಲ್ಲಿ ಬಡ್ತಿ ಕೊಟ್ಟಿತು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನೆ ಬಿಡಲಿಲ್ಲ. ಸಂಸಾರದಿಂದ ಹೆಣ್ಣಿನ ಕೆಲಸಕ್ಕೆ ಅಡ್ಡಿ ಅನ್ನೋದಾದರೆ ಗಂಡಿನ ಕೆಲಸಕ್ಕೂ ಅಡ್ಡಿ ಆಗಬೇಕಲ್ಲ ಅನ್ನೋ ಅರ್ಥದಲ್ಲಿ ಬರೆದರು. ನಿಯಮಗಳನ್ನೆಲ್ಲ ತಿರುಗಿ ನೋಡಿ ಅಂದರು.

ಇದು ಬರೀ ನಮ್ಮ ದೇಶದ ರೋಗವಲ್ಲ. ಐರ್ಲೆಂಡಿನಲ್ಲಿ ಸರ್ಕಾರಿ ಕೆಲಸದ ಹೆಂಗಸರು ಮದುವೆಯಾದರೆ ಕೆಲಸ ಬಿಡಲೇಬೇಕು ಅನ್ನೋ ನಿಯಮ 1973ರವರೆಗೂ ಇತ್ತು. ಅಮೆರಿಕದಲ್ಲೂ ಒಂದು ಕಾಲಕ್ಕೆ ಎಷ್ಟೋ ಶಾಲೆಗಳು ಮದುವೆಯಾದ ಟೀಚರನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಅದರ ಲೆಕ್ಕಪತ್ರ ಕೆದಕಿ ತೋರಿಸಿದವರಲ್ಲಿ ಕ್ಲಾಡಿಯಾ ಗೋಲ್ಡಿನ್ ಒಬ್ಬರು. 2023ರ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಬಂತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿಯಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದಿದ್ದು 1945ರಲ್ಲಿ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ 1971ರಲ್ಲಿ, ಅಂದರೆ ಮುತ್ತಮ್ಮ ರಾಯಭಾರಿಯಾದ ಮಾರನೇ ವರ್ಷ. ಯುರೋಪು ಮೊದಲು, ನಾವು ಆಮೇಲೆ ಅಂದುಕೊಂಡಿದ್ದ ನನಗೆ ಇದೊಂದು ಪಾಠ.

ಆ 1961ರ ನಿಯಮ ಬರೆದವರು ಕೆಟ್ಟವರೇ ಆಗಿರಬೇಕು ಅಂತಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳನ್ನು ಚೆನ್ನಾಗಿಯೇ ನೋಡಿಕೊಂಡಿರಬಹುದು. ಹಳೇ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹೊಸ ಪುಸ್ತಕಕ್ಕೆ ಗೆರೆ ಎಳೆದರು, ನನ್ನ ಹಾಗೆ. ಅಸಮಾನತೆ ಅಂದರೆ ಹೊಡೆಯೋದು, ಬಡಿಯೋದು, ಬೈಯೋದು ಅಂತಲೇ ನಾನು ಅಂದುಕೊಂಡಿದ್ದೆ. ಅದು ಸ್ಕೇಲಿಟ್ಟು ನೀಟಾಗಿ ಎಳೆದ ಗೆರೆಯೂ ಆಗಿರುತ್ತೆ.

ಮಾರನೇ ದಿನ ಅಕ್ಕಯ್ಯನ ಹತ್ತಿರ ಹೋಗಿ ಕೂಲಿ ಸಮ ಮಾಡ್ತೀನಿ ಅಂದೆ. ಖುಷಿಪಡ್ತಾಳೆ ಅಂದುಕೊಂಡಿದ್ದೆ. ಮೆಣಸು ಬಿಡಿಸುತ್ತಿದ್ದವಳು ತಲೆ ಎತ್ತದೆ, ‘ಕೂಲಿ ಆಮ್ಯಾಕೆ ನೋಡುವ. ತೋಟದಾಗೆ ಒಂದು ಕಕ್ಕಸು ಕಟ್ಸಿ ಕೊಡಿ’ ಅಂದಳು.

ನಾಚಿಕೆಯಾಯಿತು. ಲೈನ್ ಮನೆಗೆ ಕಕ್ಕಸು ಇದೆ. ಆದರೆ ಅದು ತೋಟದ ಆ ತುದಿ. ಜೀಪಿನಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಬರುವ ಮೂವರು ಹೆಂಗಸರು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆಯವರೆಗೆ ಏನು ಮಾಡ್ತಾರೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಮಳೆಗಾಲದಲ್ಲಿ ಪೊದೆಯ ಹಿಂದೆ ಜಿಗಣೆ. ಬೇಸಿಗೆಯಲ್ಲಿ ಹಲಸು ಹಣ್ಣಾದರೆ ಆನೆ. ಅದಕ್ಕೇ ಅವರು ನೀರು ಕಡಿಮೆ ಕುಡಿಯೋದು. ಬಿಸಿಲಿನಲ್ಲಿ ಇಡೀ ದಿನ ಒಂದು ಬಾಟಲಿ ನೀರು ನಾಲ್ಕು ಜನಕ್ಕೆ ಸಾಲೋದು ಹೇಗೆ ಅಂತ ನಾನು ಒಂದು ಸಲ ಆಶ್ಚರ್ಯಪಟ್ಟಿದ್ದೆ ಕೂಡ. ಮಿತವ್ಯಯ ಅಂದುಕೊಂಡಿದ್ದೆ!

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿ ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕಕ್ಕಸು ಇರಬೇಕು ಅಂತ ಬರೆದಿತ್ತು. ಕುಡಿಯುವ ನೀರು, ಮಕ್ಕಳಿಗೆ ತೊಟ್ಟಿಲು ಮನೆ, ಎಲ್ಲ ಇತ್ತು. ಆದರೆ ಅದು ಕನಿಷ್ಠ 5 ಹೆಕ್ಟೇರು ಮತ್ತು 15 ಆಳು ಇರುವ ತೋಟಗಳಿಗೆ. ನನ್ನದು 5 ಎಕರೆ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ ಜನ ಸಣ್ಣವರು, 10 ಹೆಕ್ಟೇರಿನ ಒಳಗಿನವರು. ನಮ್ಮಂಥವರ ತೋಟದಲ್ಲಿ ಎಷ್ಟೋ ಕಡೆ ಕಾನೂನು ಬೇಲಿಯ ಹೊರಗೇ ನಿಂತುಬಿಡುತ್ತೆ. ಒಳಗೆ ನಮ್ಮ ಮನಸ್ಸು ಹೇಗೋ ಹಾಗೆ.

ಹೆಂಗಸರನ್ನು ಕೇಳಿದರೆ ಬೇರೆ ಉತ್ತರ ಬರುತ್ತೆ ಅನ್ನೋದನ್ನು ಅಳೆದು ನೋಡಿದವರೂ ಇದ್ದಾರೆ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯಿತಿಗಳನ್ನು ನೋಡಿ 2004ರಲ್ಲಿ ಬರೆದರು. ಮೀಸಲಾತಿಯಿಂದ ಹೆಂಗಸರು ಪ್ರಧಾನರಾದ ಕಡೆ, ಆ ಊರಿನ ಹೆಂಗಸರು ಕೇಳುತ್ತಿದ್ದ ಕೆಲಸಗಳಿಗೆ ಜಾಸ್ತಿ ದುಡ್ಡು ಹೋಗಿತ್ತು. ಎರಡೂ ಕಡೆ ಅದರಲ್ಲಿ ಕುಡಿಯುವ ನೀರು ಇತ್ತು. ನಮ್ಮ ರಾಜ್ಯದಲ್ಲಂತೂ ಇಡೀ ದೇಶದ ಪಂಚಾಯಿತಿಗಳಿಗೆ ಈ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಗೂ ಮುಂಚೆ, 1983ರ ಪಂಚಾಯಿತಿ ಕಾಯ್ದೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸೀಟು ಇಟ್ಟಿದ್ದರು. ಈಗ ಅರ್ಧ. ಅಧ್ಯಕ್ಷೆಯ ಬದಲು ಅಧ್ಯಕ್ಷೆಯ ಗಂಡ ಸಭೆಗೆ ಬರ್ತಾನೆ ಅಂತ ನಗೋರಿದ್ದಾರೆ. ನಾನೂ ನಕ್ಕಿದ್ದೇನೆ. ಆದರೆ ಗಂಡಸಾಗಿದ್ದ ಅಪ್ಪನ ಕಾಲದಲ್ಲಿ ಕಕ್ಕಸಿನ ಮಾತು ಬರಲಿಲ್ಲ ಅನ್ನೋದು ಹೋಗಲಿ, ಹೆಣ್ಣಾದ ನನ್ನ ಕಾಲದಲ್ಲೂ ಆರು ವರ್ಷ ಬರಲಿಲ್ಲವಲ್ಲ, ಅದಕ್ಕೆ ಏನು ಹೇಳೋದು? ಹೆಣ್ಣಾದರೆ ಸಾಲದು, ಕೇಳಬೇಕು.

ಕಕ್ಕಸು ಕಟ್ಟಿಸಿದೆ. ಸಿಮೆಂಟಿನ ರಿಂಗು, ತಗಡಿನ ಮಾಡು, ಒಳಗೆ ಚಿಲಕ. ಚಿಲಕ ಗಟ್ಟಿ ಇರಬೇಕು ಅಂತ ಅಕ್ಕಯ್ಯ ಗಾರೆಯವನಿಗೆ ಮೂರು ಸಲ ಹೇಳಿದಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರಿಗೆ ಐಸ್‌ಲ್ಯಾಂಡಿನ ಕಥೆ ಹೇಳಿದೆ. 1975ರ ಅಕ್ಟೋಬರ್ 24. ಆ ದೇಶದ ನೂರರಲ್ಲಿ ತೊಂಬತ್ತು ಹೆಂಗಸರು ಒಂದು ದಿನ ಆಫೀಸಿಗೂ ಹೋಗಲಿಲ್ಲ, ಮನೆಯಲ್ಲೂ ಕೈ ಆಡಿಸಲಿಲ್ಲ. ಅಡುಗೆ ಇಲ್ಲ, ಮಕ್ಕಳನ್ನು ನೋಡೋದಿಲ್ಲ. ಶಾಲೆ, ಮೀನಿನ ಕಾರ್ಖಾನೆ ಬಾಗಿಲು ಹಾಕಿದವು. ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಆಫೀಸಿಗೆ ಹೋದರು. ಸುಲಭವಾಗಿ ಬೇಯಿಸಬಹುದು ಅಂತ ಎಲ್ಲರೂ ಸಾಸೇಜಿಗೆ ಮುಗಿಬಿದ್ದು ಅಂಗಡಿಗಳಲ್ಲಿ ಖಾಲಿಯಾಯಿತು. ಮುಷ್ಕರ ಅಂದರೆ ಹೆದರುವವರಿದ್ದಾರೆ ಅಂತ ಅದಕ್ಕೆ ‘ಹೆಂಗಸರ ರಜಾ ದಿನ’ ಅಂತ ಹೆಸರಿಟ್ಟಿದ್ದರು. ಐದು ವರ್ಷಕ್ಕೆ, 1980ರಲ್ಲಿ, ವಿಗ್ದಿಸ್ ಅನ್ನೋ ಒಂಟಿ ತಾಯಿ ಅಲ್ಲಿನ ಅಧ್ಯಕ್ಷೆಯಾದರು. ಗಂಡು ಹೆಣ್ಣಿಗೆ ಒಂದೇ ಸಂಬಳ ಕೊಡ್ತಿದ್ದೀವಿ ಅಂತ 25 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಂಪನಿಗಳೇ ದಾಖಲೆ ತೋರಿಸಬೇಕು ಅಂತ 2018ರಿಂದ ಕಾನೂನು ಬೇರೆ.

ಎಲ್ಲರೂ ಬಾಯಿಬಿಟ್ಟು ಕೇಳಿದರು. ಅಕ್ಕಯ್ಯ ಬುತ್ತಿ ಡಬ್ಬ ಮುಚ್ಚುತ್ತಾ ಕೇಳಿದ್ದು ಒಂದೇ. ‘ಮಾರನೇ ದಿನ ಪಾತ್ರೆ ಯಾರು ತೊಳೆದ್ರು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡ್ತಾರೆ ಅಂತ ಇದೆ. ಆ 88ರಲ್ಲೂ ಪಾತ್ರೆ ಎಷ್ಟು, ಸಂತೆಗೆ ಹೋಗಿ ಬಂದಿದ್ದು ಎಷ್ಟು ಅಂತ ಅಕ್ಕಯ್ಯ ಕೇಳ್ತಾಳೆ, ನನಗೆ ಗೊತ್ತು.

ಐಸ್‌ಲ್ಯಾಂಡ್ ಬಿಡಿ, ಮುನ್ನಾರ್ ಹತ್ತಿರವೇ ಇದೆ. 2015ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಟೀ ತೋಟದ ಸಾವಿರಾರು ಹೆಂಗಸರು ಬೋನಸ್ ಕಡಿತದ ವಿರುದ್ಧ ರಸ್ತೆಯಲ್ಲಿ ಕೂತರು. ‘ಪೆಂಬಿಳೈ ಒರುಮೈ’, ಹೆಂಗಸರ ಒಗ್ಗಟ್ಟು. ಯೂನಿಯನ್ನಿನ ಗಂಡಸು ಮುಖಂಡರನ್ನು ಹತ್ತಿರ ಸೇರಿಸಲಿಲ್ಲ. ಒಂಬತ್ತು ದಿನಕ್ಕೆ ಕೇಳಿದ 20 ಪರ್ಸೆಂಟ್ ಸಿಕ್ಕಿತು. ದಿನಕ್ಕೆ 232 ರೂಪಾಯಿ ಇದ್ದ ಕೂಲಿ ಆಮೇಲೆ 301 ಆಯಿತು. ಕೇಳಿದ್ದು 500. ಆದರೆ ಅಲ್ಲಿ ಸಾವಿರಾರು ಜನ ಇದ್ದರು. ನನ್ನ ತೋಟದಲ್ಲಿ ನಾಲ್ಕು ಜನ ಹೆಂಗಸರು. ನಾಲ್ವರು ಎಲ್ಲಿ ಕೂರಬೇಕು? ನನ್ನ ಜಗಲಿಯಲ್ಲಿ ಕೂತರೆ ನಾನೇ ಕಾಫಿ ಮಾಡಿಕೊಡಬೇಕು.

ಕೊನೆಗೆ ಕೂಲಿ ಸಮ ಮಾಡಿದೆ. ಸತ್ಯ ಹೇಳಿಬಿಡುತ್ತೇನೆ, ಕಾಫಿ ರೇಟು ಎಂದೂ ಕಾಣದಷ್ಟು ಏರಿದ ವರ್ಷವೇ ನನ್ನ ನ್ಯಾಯಬುದ್ಧಿಯೂ ಏರಿದ್ದು. ರೇಟು ಬಿದ್ದ ವರ್ಷ ಏನು ಮಾಡ್ತೀನಿ ಅನ್ನೋದನ್ನು ಈಗಲೇ ಬರೆದುಕೊಡಲಾರೆ. ಪಕ್ಕದ ತೋಟದವರು ಬೇಲಿ ಹತ್ತಿರ ನಿಂತು, ‘ನೀವು ರೇಟ್ ಕೆಡಿಸ್ತಾ ಇದ್ದೀರಿ ಕಣಮ್ಮ’ ಅಂದರು. ಬೇಜಾರಿನಿಂದಲೇ ಅಂದರು. ಇದ್ದ ಇಬ್ಬರು ಗಂಡಾಳುಗಳಲ್ಲಿ ಒಬ್ಬ ಬಿಟ್ಟು ಹೋದ. ಅವನ 600ರಲ್ಲಿ ಒಂದು ರೂಪಾಯಿಯೂ ಕಡಿಮೆ ಮಾಡಿರಲಿಲ್ಲ. ‘ಹೆಂಗಸ್ರ ಕೂಲಿಗೆ ನಾನ್ ಮಾಡಲ್ಲ’ ಅಂದ. ಅವನಿಗೆ ಸಿಗುತ್ತಿದ್ದದ್ದು 600 ರೂಪಾಯಿ ಅಂತ ನಾನು ಅಂದುಕೊಂಡಿದ್ದೆ. ಅವನ ಲೆಕ್ಕದಲ್ಲಿ ಅದು 450 ಮತ್ತು ಮೇಲೆ 150. ಆ 150 ಹೋಯಿತು. ಇನ್ನೊಬ್ಬ ಅಸ್ಸಾಮಿನ ಹುಡುಗ. ಅವನಿಗೆ ನಮ್ಮ ಮಾತೇ ಸರಿಯಾಗಿ ಬರಲ್ಲ, ನಕ್ಕು ಸುಮ್ಮನಾದ.

ಮೊದಲ ಶನಿವಾರದ ಬಟವಾಡೆ. ಅಕ್ಕಯ್ಯನ ಕೈಗೆ ಆರು ದಿನದ 3600 ಇಟ್ಟು ಚೀಟಿ ಕೊಟ್ಟೆ. ಎರಡು ಸಲ ಎಣಿಸಿದಳು. ಚೀಟಿ ತಿರುಗಿಸಿ ನೋಡಿದಳು. ಅಕ್ಷರ ಬರಲ್ಲ, ಅಂಕಿ ಚೆನ್ನಾಗಿ ಗೊತ್ತು. ಬೇರೆಯವರು ಮುಂದೆ ಹೋಗೋವರೆಗೆ ನಿಂತಿದ್ದಳು.

‘ಅಮ್ಮಾ, ಚೀಟೀಲಿ ಹಳೇದೇ ಬರ್ಕೊಡಿ.’

‘ಯಾಕೆ?’

‘ಚೀಟಿ ಅವ್ರು ನೋಡ್ತಾರೆ.’ ಅವರು ಅಂದರೆ ಗಂಡ. ಊರಾಚೆಯ ದೊಡ್ಡ ತೋಟವೊಂದಕ್ಕೆ ಮರಗಸಿಗೆ ಹೋಗ್ತಾನೆ. ‘ಕುಯ್ಲಲ್ಲಿ ನಂಗೆ ಜಾಸ್ತಿ ಬಂದ್ರೆ ಗಿಡದಾಗೆ ಹಣ್ಣಿತ್ತು ಅಂತಾರೆ. ಹಾಜರೀಲಿ ಸಮ ಬಂದ್ರೆ ಮನೇಗೆ ಕೊಡೋದು ನಿಲ್ಲಿಸ್ತಾರೆ. ನಿಂಗೂ ಬತ್ತದಲ್ಲ ಅಂತಾರೆ.’

‘ಜಾಸ್ತಿ ಬಂದಿದ್ದನ್ನ ಬ್ಯಾಂಕಿಗೆ ಹಾಕಿಬಿಡ್ಲಾ?’

‘ಅಯ್ಯೋ ಬ್ಯಾಡಿ. ಗೃಹಲಕ್ಷ್ಮಿ ಎರಡು ಸಾವ್ರ ಬಂದ್ರೆ ಫೋನು ಟಿಂಗ್ ಅಂತದೆ. ಫೋನು ಅವ್ರ ಜೇಬಲ್ಲಿರ್ತದೆ.’

ಚೀಟಿ ಹರಿದೆ. ಇನ್ನೊಂದು ಬರೆದೆ. ಹಾಜರಿ 6, ದರ 450, ಒಟ್ಟು 2700. ಅವಳು 2700ನ್ನು ಚೀಟಿಯ ಜೊತೆ ಎಲೆಅಡಿಕೆ ಚೀಲಕ್ಕೆ ಹಾಕಿದಳು. ಮಿಕ್ಕ 900ನ್ನು ಸುರುಳಿ ಸುತ್ತಿ ರವಿಕೆಯೊಳಗೆ ಸೇರಿಸಿದಳು. ಮೇಲಿನ ಶರ್ಟಿನ ಗುಂಡಿ ಹಾಕಿಕೊಂಡಳು.

ಮುಂದಿನ ಶನಿವಾರ ಇನ್ನಿಬ್ಬರು ಅದೇ ಕೇಳಿದರು. ನಾಲ್ಕನೆಯವಳು ಕೇಳಲಿಲ್ಲ, ಅವಳಿಗೆ ಗಂಡ ಇಲ್ಲ.

ಈಗ ನನ್ನ ಹೊಸ ಪುಸ್ತಕದಲ್ಲಿ ಕೂಲಿಗೆ ಒಂದೇ ಕಾಲಂ. ಅದರ ಪಕ್ಕ ‘ಹೆ.’ ಇದ್ದ ಜಾಗದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಇನ್ನೊಂದು ಗೆರೆ ಎಳೆದುಕೊಂಡಿದ್ದೇನೆ. ಮೂವರ ಚೀಟಿಯಲ್ಲಿ ಆ ವಾರ ಎಷ್ಟು ಅಂತ ಬರೆದುಕೊಟ್ಟೆ ಅನ್ನೋದನ್ನು ಅಲ್ಲಿ ಗುರುತು ಹಾಕಿಡುತ್ತೇನೆ. ಯಾವತ್ತಾದರೂ ಗಂಡ ಬಂದು ಲೆಕ್ಕ ಕೇಳಿದರೆ ಬಾಯಿ ತಪ್ಪಬಾರದಲ್ಲ.